ಮೂವತ್ತು ವರ್ಷ ಮಲಗುವವಳಿಗೆ ಐವತ್ತು ಕಂತು

ರಕ್ತಪಿಪಾಸುಗಳ ಬೇಟೆ ನೋಡಲು ಕೂತವರಿಗೆ ‘ಬ್ಲಡ್ ಪ್ಲಸ್’ ಊಟದ ಮೇಜು, ಶಾಲೆಯ ಮೈದಾನ, ಕಡಲತೀರಗಳನ್ನು ತೋರಿಸುತ್ತದೆ. ಈ ಜಪಾನಿ ಅನಿಮೆ ಸರಣಿ ತೀರಾ ನಿಧಾನ ಎಂಬ ದೂರು ಹಳೆಯದು. ಅದರ ಶಕ್ತಿಯೂ ಆ ನಿಧಾನದಲ್ಲೇ ಇದೆ.

1972ರ ವಿಯೆಟ್ನಾಂ. ಹೊತ್ತಿ ಉರಿಯುವ ಹಳ್ಳಿ, ದಿಕ್ಕುಗೆಟ್ಟು ಓಡುವ ಜನ, ಅವರ ನಡುವೆ ಕತ್ತಿ ಹಿಡಿದ ಒಬ್ಬ ಹುಡುಗಿ. ಕಣ್ಣು ಕೆಂಡದಂತೆ ಕೆಂಪು. ಎದುರಿಗೆ ಬಂದದ್ದು ಮನುಷ್ಯನೋ ರಾಕ್ಷಸನೋ ಎಂದು ನೋಡದೆ ಕಡಿಯುತ್ತಾ ಹೋಗುತ್ತಾಳೆ. ‘ಬ್ಲಡ್ ಪ್ಲಸ್’ ಶುರುವಾಗುವುದು ಹೀಗೆ. ಕೆಲವೇ ನಿಮಿಷಗಳ ಈ ದೃಶ್ಯ ಮುಗಿದ ಕೂಡಲೇ ಕಥೆ ಮೂರು ದಶಕ ದಾಟಿ ಜಪಾನಿನ ದಕ್ಷಿಣದ ಒಕಿನಾವಾ ದ್ವೀಪಕ್ಕೆ ಬಂದಿಳಿಯುತ್ತದೆ. ಅದೇ ಮುಖದ ಹುಡುಗಿ ಇಲ್ಲಿ ಹೈಸ್ಕೂಲು ವಿದ್ಯಾರ್ಥಿನಿ. ಮೈದಾನದಲ್ಲಿ ಹೈಜಂಪ್ ಅಭ್ಯಾಸ ಮಾಡುತ್ತಾಳೆ, ಗೆಳತಿ ಕಾವೊರಿಯ ಜೊತೆ ಹರಟುತ್ತಾಳೆ, ಮನೆಗೆ ಬಂದು ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾಳೆ. ಹೆಸರು ಸಾಯಾ ಒತೊನಾಶಿ. ಒಂದು ವರ್ಷದ ಹಿಂದಿನದು ಯಾವುದೂ ಅವಳಿಗೆ ನೆನಪಿಲ್ಲ.

ಬೆಂಕಿ, ರಕ್ತ, ಕತ್ತಿಯ ಹೊಳಪಿನಿಂದ ಶುರುವಾದ ಸರಣಿ ಅದೇ ವೇಗದಲ್ಲಿ ಓಡುತ್ತದೆ ಎಂದು ಕಾದು ಕೂತವರಿಗೆ ಇಲ್ಲಿಂದಲೇ ಚಡಪಡಿಕೆ ಶುರು. ಕಾಳಗ ಬರುತ್ತದೆ, ಬಂದಷ್ಟೇ ಬೇಗ ಮುಗಿಯುತ್ತದೆ. ನಂತರ ಮತ್ತೆ ಮನೆ, ಮತ್ತೆ ಮಾತು, ಮತ್ತೆ ಪ್ರಯಾಣ. 2005ರ ಅಕ್ಟೋಬರ್ 8ರಿಂದ 2006ರ ಸೆಪ್ಟೆಂಬರ್ 23ರವರೆಗೆ ಜಪಾನಿನ ಟಿ.ವಿ.ಯಲ್ಲಿ ಪ್ರಸಾರವಾದ ಈ ಸರಣಿಯಲ್ಲಿ ಒಟ್ಟು 50 ಕಂತುಗಳಿವೆ. ಎಲ್ಲ ಸೇರಿಸಿದರೆ ಸುಮಾರು ಇಪ್ಪತ್ತು ಗಂಟೆ. ಇಷ್ಟು ಹೊತ್ತು ಏಕೆ ಬೇಕಿತ್ತು ಎಂದು ಕೇಳುವವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸರಣಿಯ ಕೆಲವು ಭಾಗಗಳು ನಿಜಕ್ಕೂ ಎಳೆದಾಡುತ್ತವೆ. ಆದರೆ ಅದರ ನಿಧಾನವೆಲ್ಲ ಒಂದೇ ಬಗೆಯದಲ್ಲ. ಒಂದು ಬಗೆಯ ನಿಧಾನ ನೋಡುಗನಿಗೆ ಏನನ್ನೋ ಕೊಡುತ್ತದೆ. ಇನ್ನೊಂದು ಬಗೆಯದು ಕೊಡಬೇಕಾದದ್ದನ್ನು ತಡೆಹಿಡಿಯುತ್ತದೆ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ‘ಬ್ಲಡ್ ಪ್ಲಸ್’ ತನ್ನ ಪ್ರಕಾರದಲ್ಲಿ ಬಹಳ ಅಪರೂಪದ ಕೃತಿ ಎಂಬುದು ಗೊತ್ತಾಗುತ್ತದೆ.

ನಲವತ್ತೆಂಟು ನಿಮಿಷದ ಬೀಜ

ಈ ಕಥೆಯ ಬೀಜ ಒಂದು ಪುಟ್ಟ ಚಿತ್ರದಲ್ಲಿತ್ತು. ಪ್ರೊಡಕ್ಷನ್ ಐ.ಜಿ. ಸ್ಟುಡಿಯೊ 2000ದಲ್ಲಿ ‘ಬ್ಲಡ್: ದ ಲಾಸ್ಟ್ ವ್ಯಾಂಪೈರ್’ ಎಂಬ ಅನಿಮೆ ಮಾಡಿತು. ನಿರ್ದೇಶಕ ಹಿರೊಯುಕಿ ಕಿತಾಕುಬೊ, ಚಿತ್ರಕಥೆ ಕೆಂಜಿ ಕಾಮಿಯಾಮಾ, ಪಾತ್ರಗಳ ವಿನ್ಯಾಸ ಕಾತ್ಸುಯಾ ತೆರಾದಾ ಅವರದು. ಅವಧಿ ಬರೀ 48 ನಿಮಿಷ. 1966ರಲ್ಲಿ ಟೋಕಿಯೊ ಸಮೀಪದ ಯೊಕೊತಾ ಅಮೆರಿಕನ್ ವಾಯುನೆಲೆ. ವಿಯೆಟ್ನಾಂ ಯುದ್ಧ ಕಾವೇರುತ್ತಿರುವ ಕಾಲ. ನೆಲೆಯೊಳಗಿನ ಶಾಲೆಗೆ ಸಾಯಾ ಎಂಬ ಹುಡುಗಿ ವಿದ್ಯಾರ್ಥಿನಿಯ ವೇಷದಲ್ಲಿ ಸೇರುತ್ತಾಳೆ. ಮನುಷ್ಯರ ರೂಪದಲ್ಲಿ ಅಡಗಿರುವ ರಕ್ತಪಿಪಾಸುಗಳನ್ನು ಹುಡುಕಿ ಕೊಲ್ಲುವುದು ಅವಳ ಕೆಲಸ.

ಆ ಸಾಯಾ ನಗುವುದಿಲ್ಲ, ಯಾರ ಜೊತೆಗೂ ಬೆರೆಯುವುದಿಲ್ಲ, ತನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೆಟ್ರೊ ರೈಲಿನಲ್ಲಿ ಒಂದು ಕೊಲೆಯಿಂದ ಶುರುವಾಗುವ ಚಿತ್ರ ಉಸಿರು ತೆಗೆದುಕೊಳ್ಳಲೂ ಬಿಡದೆ ಓಡಿ ಮುಗಿಯುತ್ತದೆ. ಬೆಳಕು–ನೆರಳಿನ ಬಳಕೆ, ಕಂಪ್ಯೂಟರ್ ಗ್ರಾಫಿಕ್ಸನ್ನು ಕೈಚಿತ್ರದ ಜೊತೆ ಬೆಸೆದ ಜಾಣ್ಮೆಗಳಿಂದಾಗಿ ಅದು ಜಗತ್ತಿನಾದ್ಯಂತ ಅನಿಮೆ ಪ್ರಿಯರ ಗಮನ ಸೆಳೆಯಿತು. ಅಲ್ಲಿ ನಿಧಾನಕ್ಕೆ ಜಾಗವೇ ಇಲ್ಲ. ಹಾಗೆಯೇ ಸಾಯಾ ಯಾರು, ಎಲ್ಲಿಂದ ಬಂದಳು, ಅವಳಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಗಳಿಗೂ ಜಾಗವಿಲ್ಲ.

ಐದು ವರ್ಷಗಳ ನಂತರ ಅದೇ ಸ್ಟುಡಿಯೊ ಅದೇ ಹೆಸರಿನ ಹುಡುಗಿ, ಅದೇ ಕತ್ತಿ, ಅದೇ ಬಗೆಯ ಶತ್ರುಗಳನ್ನು ಇಟ್ಟುಕೊಂಡು ಹೊಸ ಕಥೆ ಕಟ್ಟಲು ಹೊರಟಾಗ ನಿರ್ದೇಶಕ ಜುನಿಚಿ ಫುಜಿಸಾಕು ಮತ್ತು ಅವರ ತಂಡ ಹಿಡಿದದ್ದು ಸಿನಿಮಾ ಮುಟ್ಟದೇ ಬಿಟ್ಟ ಆ ಪ್ರಶ್ನೆಗಳನ್ನು. ಚಿತ್ರದ ಸಾಯಾಳಿಗೆ ಯಾರೂ ಇರಲಿಲ್ಲ. ಸರಣಿಯ ಸಾಯಾಳಿಗೆ ಅಪ್ಪನಿದ್ದಾನೆ, ಅಣ್ಣನಿದ್ದಾನೆ, ತಮ್ಮನಿದ್ದಾನೆ. ಕಳೆದುಕೊಳ್ಳಲು ಏನಾದರೂ ಇರುವವಳ ಕಥೆ ಹೇಳಬೇಕಾದರೆ ಅವಳ ಬಳಿ ಏನಿದೆ ಎಂಬುದನ್ನು ಮೊದಲು ತೋರಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ.

ಒಮೊರೊ ಹೋಟೆಲಿನ ಮನೆಮಂದಿ

ಜಾರ್ಜ್ ಮಿಯಾಗುಸುಕು ಒಕಿನಾವಾದ ಪಟ್ಟಣವೊಂದರಲ್ಲಿ ‘ಒಮೊರೊ’ ಎಂಬ ಸಣ್ಣ ಹೋಟೆಲು ನಡೆಸುವ ನಡುವಯಸ್ಸಿನ ಮನುಷ್ಯ. ಕಾಯ್, ರಿಕು, ಸಾಯಾ ಮೂವರೂ ಅವನ ಸಾಕುಮಕ್ಕಳು, ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ. ಕಾಯ್ ಬೇಸ್‌ಬಾಲ್ ಆಡುತ್ತಿದ್ದವನು. ಭುಜಕ್ಕೆ ಪೆಟ್ಟಾಗಿ ಆಟ ಬಿಟ್ಟ ಮೇಲೆ ಮೋಟರ್‌ಬೈಕು, ಬೀದಿಜಗಳಗಳಲ್ಲಿ ದಿನ ಕಳೆಯುತ್ತಾನೆ. ರಿಕು ಮೆದು ಸ್ವಭಾವದ ಕಿರಿಯ, ಅಡುಗೆಯಲ್ಲಿ ಆಸಕ್ತಿ ಇರುವವನು. ಸಾಯಾಳಿಗೆ ಆಗಾಗ ರಕ್ತ ಕೊಡಿಸಲು ಜಾರ್ಜ್ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ರಕ್ತಹೀನತೆ ಇರಬೇಕು ಎಂದು ಅವಳು ಅಂದುಕೊಂಡಿದ್ದಾಳೆ. ನಿಜ ಏನೆಂದು ಜಾರ್ಜ್‌ಗೆ ಗೊತ್ತು.

ಮೊದಲ ಕಂತುಗಳ ಬಹುಭಾಗ ಹೋಗುವುದು ಈ ನಾಲ್ವರ ದಿನಚರಿಗೆ. ಯಾರು ಯಾರ ಮೇಲೆ ರೇಗುತ್ತಾರೆ, ಯಾರು ಯಾರಿಗೆ ಬಡಿಸುತ್ತಾರೆ, ಮನೆಗೆ ತಡವಾಗಿ ಬಂದವನನ್ನು ಅಪ್ಪ ಹೇಗೆ ನೋಡುತ್ತಾನೆ ಎಂಬ ಸಣ್ಣ ಸಣ್ಣ ಸಂಗತಿಗಳು ಇಲ್ಲಿ ತುಂಬಿವೆ. ಇದರ ನಡುವೆ ರಾತ್ರಿಯ ಶಾಲೆಯಲ್ಲಿ ಕೈರಾಪ್ಟರನ್ ಎಂಬ ಬಾವಲಿ ರೂಪದ ರಕ್ತಪಿಪಾಸು ಸಾಯಾಳ ಮೇಲೆ ಎರಗುತ್ತದೆ. ಬೆನ್ನಿಗೆ ಚೆಲ್ಲೋ ವಾದ್ಯದ ಪೆಟ್ಟಿಗೆ ಹೊತ್ತ, ಬಲಗೈಗೆ ಬಟ್ಟೆ ಸುತ್ತಿಕೊಂಡ ಹಾಜಿ ಎಂಬ ಯುವಕ ಕಾಣಿಸಿಕೊಂಡು ಅವಳ ಬಾಯಿಗೆ ತನ್ನ ರಕ್ತ ಹನಿಸುತ್ತಾನೆ. ಒಳಗೆ ಮಲಗಿದ್ದ ಯೋಧೆ ಎದ್ದೇಳುತ್ತಾಳೆ. ಅವಳ ಕತ್ತಿಯ ಅಲಗಿನಲ್ಲಿ ಸಣ್ಣ ಕಾಲುವೆಯಿದೆ. ಕೈಯನ್ನು ಅಲಗಿಗೆ ಒತ್ತಿ ಸವರಿದರೆ ರಕ್ತ ಆ ಕಾಲುವೆಯಲ್ಲಿ ಹರಿದು ಕತ್ತಿಯ ಉದ್ದಕ್ಕೂ ಇಳಿಯುತ್ತದೆ. ಆ ರಕ್ತ ತಾಗಿದ ಕೈರಾಪ್ಟರನ್ ಹರಳುಗಟ್ಟಿ ಪುಡಿಯಾಗುತ್ತದೆ.

ಈ ರಕ್ತದ ಗುಣವನ್ನು ಸರಣಿ ಕಾಳಗದ ಸಾಧನವಾಗಿ ಪರಿಚಯಿಸುತ್ತದೆ. ಅದರ ನಿಜವಾದ ಭಾರ ತಿಳಿಯುವುದು ಕೆಲವು ಕಂತುಗಳ ನಂತರ. ಮನುಷ್ಯರನ್ನು ಕೈರಾಪ್ಟರನ್‌ಗಳಾಗಿ ಮಾರ್ಪಡಿಸುವ ‘ಡೆಲ್ಟಾ 67’ ಎಂಬ ವಸ್ತುವನ್ನು ಗಾಯಗೊಂಡ ಜಾರ್ಜ್‌ನ ಮೈಗೆ ಸೇರಿಸಲಾಗುತ್ತದೆ. ತಾನು ಪೂರ್ತಿ ರಾಕ್ಷಸನಾಗುವ ಮೊದಲು ನಿನ್ನ ರಕ್ತದಿಂದಲೇ ನನ್ನನ್ನು ಮುಗಿಸು ಎಂದು ಅವನು ಮಗಳನ್ನು ಕೇಳಿಕೊಳ್ಳುತ್ತಾನೆ.

ಈ ದೃಶ್ಯವನ್ನು ಮೊದಲ ಕಂತಿನಲ್ಲೇ ಇಟ್ಟಿದ್ದರೆ ಅದೊಂದು ಆಘಾತವಾಗುತ್ತಿತ್ತು, ಅಷ್ಟೇ. ಯಾರದೋ ಅಪ್ಪ ಸತ್ತ ಎಂದುಕೊಂಡು ನೋಡುಗ ಮುಂದೆ ಹೋಗುತ್ತಿದ್ದ. ಆದರೆ ಅಷ್ಟು ಹೊತ್ತಿಗೆ ನಾವು ಆ ಮನೆಯ ಮೇಜಿನ ಸುತ್ತ ಕೂತಿದ್ದೇವೆ. ಜಾರ್ಜ್‌ನ ದನಿ, ಅವನ ಸಹನೆ, ಮಕ್ಕಳನ್ನು ಬೈಯುವಾಗಲೂ ಬಿಟ್ಟುಕೊಡದ ಅವನ ರೀತಿ ನಮಗೆ ಗೊತ್ತಾಗಿದೆ. ಸಾಯಾ ಕೈ ನಡುಗಿಸುತ್ತಾ ನಿಂತಾಗ ನಮ್ಮ ಹೊಟ್ಟೆಯಲ್ಲೂ ಸಂಕಟವಾಗುತ್ತದೆ. ಏನೂ ನಡೆಯುತ್ತಿಲ್ಲ ಎಂದು ಬೇಸರಪಟ್ಟ ಕಂತುಗಳಲ್ಲಿ ನಡೆಯುತ್ತಿದ್ದದ್ದು ಇದೇ.

ಮುಂದಿನ ನಲವತ್ತಕ್ಕೂ ಹೆಚ್ಚು ಕಂತುಗಳು ಈ ಸಾವಿನ ಮೇಲೆ ನಿಂತಿವೆ. ಸಾಯಾ ಯಾವ ದೇಶಕ್ಕೆ ಹೋದರೂ ಅವಳಿಗೆ ಮರಳಿ ಬೇಕಾದದ್ದು ಒಮೊರೊದ ಆ ಮೇಜು. ಸರಣಿ ಅದನ್ನು ಪದೇ ಪದೇ ನೆನಪಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಒಕಿನಾವಾವೇ ಏಕೆ

ಕಥೆ ಶುರುವಾಗುವ ಊರು ಅಂದಾಜಿಗೆ ಆರಿಸಿದ್ದಲ್ಲ. ಅದು ಒಕಿನಾವಾ ನಗರದ ಹಳೆಯ ಭಾಗವಾದ ಕೋಜಾ. ಪಕ್ಕದಲ್ಲೇ ಕಾದೆನಾ ಅಮೆರಿಕನ್ ವಾಯುನೆಲೆ. ಸರಣಿಯಲ್ಲಿ ಮಕ್ಕಳು ಮಾತಾಡುತ್ತಿರುವಾಗಲೇ ತಲೆಯ ಮೇಲೆ ಯುದ್ಧವಿಮಾನ ಹಾದುಹೋಗುತ್ತದೆ. ಯಾರೂ ಕತ್ತೆತ್ತಿ ನೋಡುವುದಿಲ್ಲ. ಅಲ್ಲಿನ ಜನರಿಗೆ ಅದು ಅಷ್ಟು ರೂಢಿಯಾಗಿದೆ.

ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಒಕಿನಾವಾದಲ್ಲಿ ನಡೆದ ಕದನ ಪೆಸಿಫಿಕ್ ರಂಗದ ಅತ್ಯಂತ ಘೋರ ಕದನಗಳಲ್ಲಿ ಒಂದು. ಯುದ್ಧ ಮುಗಿದ ಮೇಲೂ ದ್ವೀಪ ಅಮೆರಿಕದ ಆಡಳಿತದಲ್ಲೇ ಉಳಿಯಿತು. ಜಪಾನಿಗೆ ಮರಳಿದ್ದು 1972ರ ಮೇ 15ರಂದು. ಅದಕ್ಕೆ ಮೊದಲು ವಿಯೆಟ್ನಾಂ ಮೇಲೆ ಬಾಂಬು ಹಾಕುವ ಬಿ–52 ವಿಮಾನಗಳು ಕಾದೆನಾದಿಂದ ಹಾರುತ್ತಿದ್ದವು. 1968ರ ನವೆಂಬರ್‌ನಲ್ಲಿ ಅಂಥದೊಂದು ವಿಮಾನ ನೆಲೆಯಲ್ಲೇ ಬಿದ್ದು ಸ್ಫೋಟಿಸಿತು. 1970ರ ಡಿಸೆಂಬರ್ 20ರ ರಾತ್ರಿ ಅಮೆರಿಕನ್ನನೊಬ್ಬನ ಕಾರು ಸ್ಥಳೀಯನಿಗೆ ಡಿಕ್ಕಿ ಹೊಡೆದದ್ದೇ ನೆಪವಾಗಿ, ವರ್ಷಗಳಿಂದ ಕುದಿಯುತ್ತಿದ್ದ ಕೋಜಾದ ಜನ ಬೀದಿಗಿಳಿದು ಅಮೆರಿಕನ್ನರ ಎಪ್ಪತ್ತಕ್ಕೂ ಹೆಚ್ಚು ವಾಹನಗಳಿಗೆ ಬೆಂಕಿ ಇಟ್ಟರು. ಇವತ್ತಿಗೂ ಜಪಾನಿನ ನೆಲದಲ್ಲಿ ಒಕಿನಾವಾದ ಪಾಲು ಶೇ 0.6ರಷ್ಟು ಮಾತ್ರ, ಆದರೆ ಆ ದೇಶದಲ್ಲಿ ಅಮೆರಿಕನ್ ಪಡೆಗಳಿಗಷ್ಟೇ ಮೀಸಲಾದ ಸೇನಾ ಜಾಗದಲ್ಲಿ ಸುಮಾರು ಶೇ 70 ಅಲ್ಲೇ ಇದೆ.

ಈಗ ಸರಣಿಯ ಮೊದಲ ದೃಶ್ಯದ ವರ್ಷವನ್ನು ನೋಡಿ: 1972, ಒಕಿನಾವಾ ಜಪಾನಿಗೆ ಮರಳಿದ ವರ್ಷ. ಆ ವರ್ಷ ವಿಯೆಟ್ನಾಂನಲ್ಲಿ, ತನ್ನ ಮೂವತ್ತು ವರ್ಷದ ನಿದ್ದೆ ಮುಗಿಯುವ ಮೊದಲೇ ಬಲವಂತವಾಗಿ ಎಬ್ಬಿಸಲಾದ ಸಾಯಾ ಬುದ್ಧಿ ಸ್ವಾಧೀನದಲ್ಲಿಲ್ಲದೆ ಹಳ್ಳಿಯೊಂದನ್ನು ಕಡಿದು ಹಾಕಿದಳು. ಆ ಯುದ್ಧದಲ್ಲಿದ್ದ ಜಾರ್ಜ್ ಮುಂದೆ ಅವಳು ಮಲಗಿದ್ದ ತನಕ ಕಾದು, ಎದ್ದಾಗ ಮಗಳೆಂದು ಮನೆಗೆ ಕರೆತಂದ. ಅವಳು ಮಲಗಿದ್ದದ್ದು ಮಿಯಾಗುಸುಕು ಮನೆತನದ ಸಮಾಧಿಯಲ್ಲಿ. ಒಕಿನಾವಾದಲ್ಲಿ ಕುಟುಂಬದ ಸಮಾಧಿ ಎಂದರೆ ಒಂದು ಕಲ್ಲಿನ ಕೋಣೆಯಷ್ಟು ದೊಡ್ಡದು. ವಸಂತದಲ್ಲಿ ಮನೆಮಂದಿಯೆಲ್ಲ ಅದರ ಮುಂದೆ ಸೇರಿ ಹಿರಿಯರ ಜೊತೆ ಕೂತಂತೆ ಕೂತು ಊಟ ಮಾಡುವ ಪದ್ಧತಿ ಇದೆ.

ದೂರದ ಯುದ್ಧದ ಪಾಪ ಹತ್ತಿರದ ಮನೆಯೊಳಗೆ ದಶಕಗಳ ಕಾಲ ಮಲಗಿರುವುದು, ಒಂದು ದಿನ ಎದ್ದು ಕೂರುವುದು: ಸರಣಿ ಹೇಳುವುದು ಇದನ್ನು. ಒಕಿನಾವಾದ ಇತಿಹಾಸವೂ ಅದೇ ಬಗೆಯದು. ಯುದ್ಧ ಮುಗಿದು ದಶಕಗಳೇ ಕಳೆದರೂ ಅದರ ಬೇಲಿಗಳು ಊರ ನಡುವೆ ನಿಂತಿವೆ. ಇಂಥ ನೆಲದ ಕಥೆಯನ್ನು ಅವಸರದಲ್ಲಿ ಹೇಳಿದರೆ ಕಾಳಗವಷ್ಟೇ ಉಳಿಯುತ್ತದೆ. ಮೊದಲ ಕಂತುಗಳು ಬೀದಿ, ಕಡಲು, ಬೇಲಿ, ವಿಮಾನದ ಸದ್ದುಗಳ ಮೇಲೆ ಕಣ್ಣು ನಿಲ್ಲಿಸುವುದರಿಂದಲೇ ಆ ನೆಲ ಕಥೆಯೊಳಗೆ ಬಂದಿದೆ. ಮೊದಲ ಭಾಗದ ಕಂತುಗಳ ಕೊನೆಗೆ ಬರುವ ಹಾಡನ್ನು ಹಾಡಿದವರು ಒಕಿನಾವಾದ ಉತ್ತರಕ್ಕಿರುವ ಅಮಾಮಿ ಓಶಿಮಾ ದ್ವೀಪದ ಗಾಯಕಿ ಚಿತೊಸೆ ಹಾಜಿಮೆ. ದ್ವೀಪಗಳ ಜನಪದ ಗಾಯನದ ಬಳುಕು ಆ ದನಿಯಲ್ಲಿದೆ.

ಶನಿವಾರ ಸಂಜೆ ಆರು ಗಂಟೆ

ನಿಧಾನಕ್ಕೆ ಕಲೆಯ ಕಾರಣಗಳಿರುವಂತೆ ಕೆಲಸದ ಕಾರಣಗಳೂ ಇವೆ. ಜಪಾನಿನ ಟಿ.ವಿ.ಯಲ್ಲಿ ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಭಾಗಗಳಾಗಿ ಲೆಕ್ಕ ಹಾಕುತ್ತಾರೆ. ಒಂದೊಂದು ಭಾಗಕ್ಕೆ ಹನ್ನೆರಡು–ಹದಿಮೂರು ಕಂತು. ‘ಬ್ಲಡ್ ಪ್ಲಸ್’ಗೆ ಸಿಕ್ಕಿದ್ದು ನಾಲ್ಕೂ ಭಾಗ, ಎಂದರೆ ಪೂರ್ತಿ ಒಂದು ವರ್ಷ. ಪ್ರಸಾರದ ಹೊತ್ತು ಶನಿವಾರ ಸಂಜೆ ಆರು ಗಂಟೆ. ಅದೇ ಜಾಗದಲ್ಲಿ ಹಿಂದಿನ ವಾರದವರೆಗೆ ‘ಗುಂಡಮ್ ಸೀಡ್ ಡೆಸ್ಟಿನಿ’ ಬರುತ್ತಿತ್ತು. ಮನೆಯವರೆಲ್ಲ ಟಿ.ವಿ. ಮುಂದೆ ಇರುವ ಆ ಹೊತ್ತಿನಲ್ಲಿ ರಕ್ತ ಹರಿಯುವ ಕಥೆಯೊಂದನ್ನು ವರ್ಷವಿಡೀ ನಡೆಸುವುದು ಧೈರ್ಯದ ಮಾತೇ.

ಜಪಾನಿನ ಟಿ.ವಿ. ಅನಿಮೆಗೆ ಒಂದು ಹಳೆಯ ಕಟ್ಟುಪಾಡೂ ಇದೆ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆ್ಯಸ್ಟ್ರೊ ಬಾಯ್’ ಪ್ರಸಾರ ಶುರುವಾದಾಗ ವಾರಕ್ಕೊಂದು ಅರ್ಧ ಗಂಟೆಯ ಕಂತು ಮಾಡಲು ಚಿತ್ರಗಳ ಸಂಖ್ಯೆ ಕಡಿಮೆ ಮಾಡುವುದು ಅನಿವಾರ್ಯವಾಯಿತು. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡಿದರೂ ಹೊಸದಾಗಿ ಬರೆದ ಚಿತ್ರಗಳು ಎಂಟರಷ್ಟೇ ಇರಬಹುದು. ಒಂದೊಂದು ಚಿತ್ರವನ್ನು ಮೂರು ಚೌಕಟ್ಟು ಹೊತ್ತು ನಿಲ್ಲಿಸುತ್ತಾರೆ. ಮುಖ ನಿಶ್ಚಲವಾಗಿದ್ದು ತುಟಿ ಮಾತ್ರ ಅಲುಗಾಡುತ್ತದೆ. ಆಕಾಶದ ಚಿತ್ರವೊಂದರ ಮೇಲೆ ಕ್ಯಾಮೆರಾ ಸರಿಯುತ್ತದೆ. ಹೀಗೆ ಉಳಿಸಿದ ಶ್ರಮವನ್ನು ಕಾಳಗದ ದೃಶ್ಯಗಳಿಗೆ ಸುರಿಯುತ್ತಾರೆ. ಐವತ್ತು ಕಂತುಗಳ ಸರಣಿಯಲ್ಲಿ ಪ್ರತಿ ವಾರವೂ ದೊಡ್ಡ ಕಾಳಗ ಬರೆಯುವುದು ಯಾವ ಸ್ಟುಡಿಯೊಗೂ ಆಗದ ಕೆಲಸ. ಮಾತು, ಮೌನ, ನಿಂತ ಚಿತ್ರಗಳಿಂದ ಕಂತು ತುಂಬಬೇಕು.

ಆ ನಿಂತ ಚಿತ್ರದಲ್ಲಿ ಏನಿದೆ ಎಂಬುದೇ ಮುಖ್ಯ. ‘ಬ್ಲಡ್ ಪ್ಲಸ್’ ತಂಡ ಈ ಬಿಡುವುಗಳನ್ನು ಸಂಗೀತಕ್ಕೆ ಕೊಟ್ಟಿತು. ಹಾಲಿವುಡ್‌ನ ಮಾರ್ಕ್ ಮ್ಯಾನ್ಸಿನಾ ಇದಕ್ಕೆ ಸಂಗೀತ ಬರೆದರು, ಹಾನ್ಸ್ ಝಿಮ್ಮರ್ ಸಂಗೀತದ ನಿರ್ಮಾಪಕರಾಗಿದ್ದರು. ಹಾಜಿ ಚೆಲ್ಲೋದಲ್ಲಿ ಬಾಖ್‌ನ ಐದನೇ ಸ್ವೀಟ್‌ನ ಮುನ್ನುಡಿ ನುಡಿಸುವಾಗ ಪರದೆಯ ಮೇಲೆ ಹೆಚ್ಚೇನೂ ಅಲುಗಾಡುವುದಿಲ್ಲ. ಆ ರಾಗ ಸಾಯಾಳ ಒಳಗೆ ಕಳೆದುಹೋದ ನೆನಪುಗಳನ್ನು ತಟ್ಟುತ್ತದೆ. ಹಾಜಿಗೆ ಚೆಲ್ಲೋ ಕಲಿಸಿದವಳು ಒಂದು ಕಾಲದಲ್ಲಿ ಅವಳೇ ಎಂಬುದು ಮುಂದೆ ತಿಳಿಯುತ್ತದೆ. ಗುರುವಿಗೆ ಮರೆತುಹೋದದ್ದನ್ನು ಶಿಷ್ಯ ನೂರು ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದಿದ್ದಾನೆ.

ಎಳೆದಾಡುವ ಜಾಗಗಳು

ಸರಣಿಯನ್ನು ಪ್ರೀತಿಸುವವರು ಅದರ ದೋಷಗಳನ್ನು ಮುಚ್ಚಿಡಬಾರದು. ಒಕಿನಾವಾ ಬಿಟ್ಟ ಮೇಲೆ ಕಥೆ ವಿಯೆಟ್ನಾಂ, ರಷ್ಯಾ, ಫ್ರಾನ್ಸ್, ಲಂಡನ್, ನ್ಯೂಯಾರ್ಕ್ ಎಂದು ಸುತ್ತುತ್ತದೆ. ಪ್ರತಿ ದೇಶದಲ್ಲೂ ಹುಡುಕಾಟ, ಸುಳಿವು, ಮುಖಾಮುಖಿ, ತಪ್ಪಿಸಿಕೊಳ್ಳುವಿಕೆ. ವಿಯೆಟ್ನಾಂನ ಹೆಣ್ಣುಮಕ್ಕಳ ವಸತಿಶಾಲೆಗೆ ಸಾಯಾ ವೇಷ ಮರೆಸಿ ಸೇರುವ ಭಾಗದಲ್ಲಿ ಹೊಸತನವಿದೆ, ಶತ್ರುಪಾಳೆಯದ ಸಾಲೊಮನ್‌ನ ಪರಿಚಯವಾಗುವುದೂ ಅಲ್ಲೇ. ಆದರೆ ಅದಾದ ನಂತರದ ಪಯಣಗಳಲ್ಲಿ ಒಂದೇ ಮಾದರಿ ಮರುಕಳಿಸುತ್ತದೆ. ಕತ್ತಿ ಎತ್ತಿದ ಸಾಯಾ ಹಿಂಜರಿಯುತ್ತಾಳೆ, ಅವಳಿಗೆ ಬೀಳಬೇಕಾದ ಪೆಟ್ಟನ್ನು ಹಾಜಿ ತಿನ್ನುತ್ತಾನೆ, ಶತ್ರು ಪಾರಾಗುತ್ತಾನೆ. ಮೂರನೇ ಸಲಕ್ಕೆ ಅದು ಅವಳ ಮನಸ್ಸಿನ ಹೋರಾಟ ಎನಿಸುವುದಿಲ್ಲ. ಕಥೆಯನ್ನು ಮುಂದೂಡುವ ಉಪಾಯ ಎನಿಸುತ್ತದೆ.

ಇನ್ನೂ ದೊಡ್ಡ ತೊಡಕು ಗುಟ್ಟುಗಳದ್ದು. ಸಾಯಾಳ ಪೂರ್ವವೃತ್ತಾಂತ ಕೈರಾಪ್ಟರನ್‌ಗಳ ವಿರುದ್ಧ ಹೋರಾಡುವ ‘ರೆಡ್ ಶೀಲ್ಡ್’ ಸಂಘಟನೆಯ ದಿನಚರಿಗಳಲ್ಲಿ ದಾಖಲಾಗಿದೆ. ಸಂಘಟನೆಯ ಡೇವಿಡ್‌ಗೆ ಬಹಳಷ್ಟು ಗೊತ್ತು, ಹಾಜಿಗೆ ಎಲ್ಲವೂ ಗೊತ್ತು. ಆದರೂ ಯಾರೂ ಅವಳಿಗೆ ನೇರವಾಗಿ ಹೇಳುವುದಿಲ್ಲ. ಹೇಳದಿರಲು ಪಾತ್ರಗಳಿಗೆ ಗಟ್ಟಿ ಕಾರಣವಿದ್ದಾಗ ಮೌನಕ್ಕೆ ಬೆಲೆ. ಬರಹಗಾರರಿಗೆ ಮಾತ್ರ ಕಾರಣವಿದ್ದಾಗ ಅದು ನೋಡುಗನ ತಾಳ್ಮೆಯನ್ನು ಸಾಲ ಪಡೆದಂತೆ. ಶತ್ರುಗಳಾದ ‘ಸ್ಯಾಂಕ್ ಫ್ಲೆಶ್’ ಕಂಪನಿಯ ಒಡೆಯರು ಕೋಣೆಗಳಲ್ಲಿ ಕೂತು ಒಗಟಿನಂತೆ ಮಾತಾಡುವ ದೃಶ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ಇಲ್ಲಿ ಕತ್ತರಿ ಆಡಿಸಿ ಐವತ್ತನ್ನು ನಲವತ್ತು ಮಾಡಿದ್ದರೆ ಸರಣಿಗೆ ಒಳ್ಳೆಯದೇ ಆಗುತ್ತಿತ್ತು.

ಆದರೆ ಅದೇ ನಡುಭಾಗದಲ್ಲಿ ‘ಶಿಫ್’ ಎಂಬ ಗುಂಪು ಬರುತ್ತದೆ. ಪ್ರಯೋಗಾಲಯದಲ್ಲಿ ಹುಟ್ಟಿಸಿದ ಯುವಜೀವಿಗಳು ಇವರು. ಬಿಸಿಲು ತಾಗಿದರೆ ಸುಟ್ಟುಹೋಗುತ್ತಾರೆ, ಮೈತುಂಬ ಹೊದ್ದು ಓಡಾಡುತ್ತಾರೆ. ಚರ್ಮದ ಮೇಲೆ ಬಿರುಕಿನಂಥ ಗುರುತು ಮೂಡಿತೆಂದರೆ ಸಾವು ಹತ್ತಿರ. ಸಾಯಾಳ ರಕ್ತ ಸಿಕ್ಕರೆ ಬದುಕಬಹುದೆಂಬ ಆಸೆಯಲ್ಲಿ ಅವಳ ಬೆನ್ನು ಹತ್ತುತ್ತಾರೆ. ಪ್ಯಾರಿಸ್‌ನಲ್ಲಿ ಕಾಯ್ ಅವರಲ್ಲಿ ಒಬ್ಬಳಾದ ಐರೀನ್‌ಳ ಗೆಳೆತನ ಮಾಡುತ್ತಾನೆ, ಅವಳಿಗೆ ರಕ್ತ ಕೊಡುವಂತೆ ಸಾಯಾಳನ್ನು ಒಪ್ಪಿಸುತ್ತಾನೆ. ಆ ರಕ್ತವೇ ಐರೀನ್‌ಳನ್ನು ಕೊಲ್ಲುತ್ತದೆ. ಹಗಲು ಕಾಣದ, ಕೆಲವೇ ವರ್ಷ ಬದುಕುವ ಶಿಫ್‌ಗಳ ಎದುರಿಗೆ ಮುಪ್ಪೇ ಇಲ್ಲದ ಸಾಯಾಳನ್ನು ನಿಲ್ಲಿಸಿದಾಗ ಸರಣಿ ತನ್ನ ನಿಜವಾದ ವಿಷಯಕ್ಕೆ ಬಂದು ಸೇರುತ್ತದೆ. ಯಾರಿಗೆ ಎಷ್ಟು ಕಾಲ ಸಿಕ್ಕಿದೆ, ಸಿಕ್ಕ ಕಾಲವನ್ನು ಯಾರ ಜೊತೆ ಕಳೆಯುತ್ತೇವೆ ಎಂಬುದೇ ಆ ವಿಷಯ.

ಎಚ್ಚರ ಮತ್ತು ನಿದ್ದೆ

ಸಾಯಾ ಎರಡು–ಮೂರು ವರ್ಷ ಎಚ್ಚರವಿರುತ್ತಾಳೆ, ನಂತರ ಮೂವತ್ತು ವರ್ಷ ಮಲಗುತ್ತಾಳೆ. ಇದು ಅವಳ ಜಾತಿಯ ಜೀವಲಕ್ಷಣ. ಎದ್ದಾಗಲೆಲ್ಲ ಪರಿಚಿತರು ಮುದುಕರಾಗಿರುತ್ತಾರೆ ಅಥವಾ ಸತ್ತಿರುತ್ತಾರೆ. ಒಂದೇ ವಯಸ್ಸಿನಲ್ಲಿ ಉಳಿದು ಎಲ್ಲರನ್ನೂ ಕಳೆದುಕೊಳ್ಳುವುದು ರಕ್ತಪಿಪಾಸುಗಳ ಸಾಹಿತ್ಯದಲ್ಲಿ ಹಳೆಯ ಸಂಗತಿ. ಆದರೆ ಅಲ್ಲಿ ಸಾಮಾನ್ಯವಾಗಿ ಅಮರತ್ವವೆಂದರೆ ಮುಗಿಯದ ಎಚ್ಚರ. ‘ಬ್ಲಡ್ ಪ್ಲಸ್’ ಅದನ್ನು ಚಿಕ್ಕ ಎಚ್ಚರ, ಉದ್ದ ನಿದ್ದೆಯಾಗಿ ಬದಲಿಸಿತು. ಹಾಗಾಗಿ ಅವಳಿಗೆ ಎಚ್ಚರದ ಒಂದೊಂದು ದಿನವೂ ದುಬಾರಿ. ಕಡಲತೀರದಲ್ಲಿ ಅಣ್ಣತಮ್ಮಂದಿರ ಜೊತೆ ಕಳೆಯುವ ಒಂದು ಸಂಜೆ ನಮಗೆ ಕಥೆಯ ತಡೆ ಎನಿಸಬಹುದು. ಅವಳ ಪಾಲಿಗೆ ಬದುಕು ಎಂದರೆ ಅಂಥ ಕೆಲವು ಸಂಜೆಗಳೇ.

ಅವಳ ಮೂಲಕಥೆಯನ್ನು ಸರಣಿ ಹಂತ ಹಂತವಾಗಿ ಬಿಚ್ಚುತ್ತದೆ. ಹತ್ತೊಂಬತ್ತನೇ ಶತಮಾನದ ಫ್ರಾನ್ಸ್, ಬೋರ್ಡೊ ಬಳಿಯ ಒಂದು ಭವ್ಯ ಬಂಗಲೆ. ವಿಚಿತ್ರ ಜೀವಿಯೊಂದರ ಶವದಿಂದ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಮನೆಯೊಡೆಯ ಜೋಯೆಲ್ ಮಗಳಂತೆ ಬೆಳೆಸುತ್ತಾನೆ. ಇನ್ನೊಬ್ಬಳನ್ನು ಗೋಪುರದಲ್ಲಿ ಕೂಡಿಹಾಕಿ, ಹೆಸರನ್ನೂ ಇಡದೆ, ಪ್ರಯೋಗದ ಪ್ರಾಣಿಯಂತೆ ಇಡುತ್ತಾನೆ. ಗೋಪುರದಿಂದ ಕೇಳುವ ಹಾಡಿಗೆ ಮನಸೋತ ಸಾಯಾ ಆ ಕಾಣದ ಹುಡುಗಿಗೆ ದಿವಾ ಎಂದು ಹೆಸರಿಡುತ್ತಾಳೆ. 1883ರಲ್ಲಿ ಜೋಯೆಲ್‌ನ ಹುಟ್ಟುಹಬ್ಬಕ್ಕೆ ಅವಳಿಂದ ಹಾಡಿಸೋಣವೆಂದು ಬಾಗಿಲು ತೆರೆಯುತ್ತಾಳೆ. ಹೊರಬಂದ ದಿವಾ ಮನೆಯವರನ್ನೆಲ್ಲ ಕೊಲ್ಲುತ್ತಾಳೆ. ಸಾಯಾ ಹೊತ್ತುಕೊಂಡು ತಿರುಗುವ ಅಪರಾಧಭಾವ ಇದೇ: ಪ್ರೀತಿಯಿಂದ ತೆರೆದ ಬಾಗಿಲು.

ಇಬ್ಬರಿಗೂ ದನಿ ಕೊಟ್ಟವರು ಒಬ್ಬರೇ, ಎರಿ ಕಿತಾಮುರಾ. ಒಬ್ಬಳಿಗೆ ಮನೆ ಸಿಕ್ಕಿತು, ಇನ್ನೊಬ್ಬಳಿಗೆ ಸಿಗಲಿಲ್ಲ. ಅಕ್ಕತಂಗಿಯರ ನಡುವಿನ ಅಂತರ ಅಷ್ಟೇ. ಈ ಮಾತು ಮನಸ್ಸಿಗೆ ನಾಟಬೇಕಾದರೆ ಮನೆ ಎಂದರೇನು ಎಂಬುದನ್ನು ಸರಣಿ ನಮಗೆ ಮೊದಲೇ ತೋರಿಸಿರಬೇಕು. ಜಾರ್ಜ್‌ನ ಹೋಟೆಲಿನಲ್ಲಿ ಕಳೆದ ಕಂತುಗಳ ಋಣ ಇಲ್ಲಿ ತೀರುತ್ತದೆ. ರೆಡ್ ಶೀಲ್ಡ್‌ನ ಹಡಗಿನ ಮೇಲೆ ನಡೆಯುವ ದಾಳಿಯಲ್ಲಿ ರಿಕು ದಿವಾಳ ಕೈಯಲ್ಲಿ ಸಾಯುವ ಭಾಗ ಸರಣಿಯಲ್ಲೇ ಅತ್ಯಂತ ಕ್ರೂರವಾದದ್ದು. ಅದಾದ ಮೇಲೆ ಕಥೆ ಒಂದು ವರ್ಷ ಮುಂದಕ್ಕೆ ಜಿಗಿಯುತ್ತದೆ. ಮರಳಿ ಕಂಡ ಸಾಯಾಳ ಮುಖದಲ್ಲಿ ನಗುವಿಲ್ಲ. ಅವಳು ಈಗ 2000ದ ಸಿನಿಮಾದ ಸಾಯಾಳಂತೆ ಕಾಣುತ್ತಾಳೆ. ಸಿನಿಮಾ ಆ ಮುಖದಿಂದ ಶುರುವಾಗಿತ್ತು. ಆ ಮುಖ ಹೇಗೆ ಹಾಗಾಯಿತು ಎಂದು ತೋರಿಸಲು ಸರಣಿ ಮೂವತ್ತಕ್ಕೂ ಹೆಚ್ಚು ಕಂತು ತೆಗೆದುಕೊಂಡಿತು.

ಹಾಜಿಯ ಪ್ರೀತಿಯದೂ ಇದೇ ನಡಿಗೆ. ಬಾಲಕನಾಗಿ ಆ ಬಂಗಲೆಗೆ ಬಂದು, ಅವಳ ರಕ್ತದಿಂದ ಮುಪ್ಪಿಲ್ಲದವನಾಗಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಅವಳ ಹಿಂದೆ ನಿಂತವನು ಆತ. ತನ್ನ ಮನಸ್ಸನ್ನು ಬಾಯಿಬಿಟ್ಟು ಹೇಳುವುದು ಕೊನೆಯ ಕಂತಿನಲ್ಲಿ. ಮಾತಿನ ಬಡತನದ ಆ ಪಾತ್ರ ಬೇಗ ಮಾತಾಡಿಬಿಟ್ಟಿದ್ದರೆ ಆ ಗಳಿಗೆಗೆ ಏನೂ ಉಳಿಯುತ್ತಿರಲಿಲ್ಲ.

ಬೇರೆಯವರ ಗತಿ

ರಕ್ತಪಿಪಾಸುಗಳ ಅನಿಮೆಗಳಲ್ಲಿ ಗತಿಯ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳಿವೆ. ಕೌತಾ ಹಿರಾನೊ ಅವರ ಮಾಂಗಾ (ಜಪಾನಿ ಕಾಮಿಕ್ಸ್) ಆಧರಿಸಿದ ‘ಹೆಲ್ಸಿಂಗ್ ಅಲ್ಟಿಮೇಟ್’ ಅಬ್ಬರದ ಕಡೆಗೆ ಹೋಯಿತು. ಹತ್ತೇ ಕಂತುಗಳು, ಆದರೆ 2006ರಿಂದ 2012ರವರೆಗೆ ಬಿಡಿಬಿಡಿಯಾಗಿ ಬಂದವು. ಕಂತಿನ ಒಳಗೆ ವೇಗ, ಕಂತುಗಳ ನಡುವೆ ಕಾಯುವಿಕೆ. ಅದರ ನಾಯಕ ಆಲುಕಾರ್ಡ್‌ನನ್ನು ಸೋಲಿಸುವವರೇ ಇಲ್ಲ. ಅಲ್ಲಿನ ರಂಜನೆಗೆ ವೇಗವೇ ಸರಿ.

ಫುಯುಮಿ ಓನೊ ಅವರ 1998ರ ಕಾದಂಬರಿಯಿಂದ 2010ರಲ್ಲಿ ಬಂದ ‘ಶಿಕಿ’ ನಿಧಾನವನ್ನೇ ಭಯವಾಗಿಸಿತು. ಗುಡ್ಡಗಳ ನಡುವಿನ ಹಳ್ಳಿಯೊಂದರಲ್ಲಿ ಒಬ್ಬೊಬ್ಬರಾಗಿ ಸಾಯುತ್ತಾರೆ. ಊರ ವೈದ್ಯ ಅದನ್ನು ಸಾಂಕ್ರಾಮಿಕ ರೋಗವೆಂದು ಹುಡುಕುತ್ತಾನೆ. ನಿಜ ತಿಳಿಯುವ ಹೊತ್ತಿಗೆ ಊರಿನ ಅರ್ಧ ಕೈತಪ್ಪಿರುತ್ತದೆ. ರೋಗ ಹರಡುವ ಗತಿಯೇ ಕಥೆಯ ಗತಿ.

ಹೆಚ್ಚು ಬೋಧಕವಾದದ್ದು ಪ್ರೊಡಕ್ಷನ್ ಐ.ಜಿ. ಮತ್ತು ಮಾಂಗಾ ಕಲಾವಿದೆಯರ ಕ್ಲ್ಯಾಂಪ್ ಬಳಗ ಸೇರಿ 2011ರಲ್ಲಿ ಮಾಡಿದ ‘ಬ್ಲಡ್ ಸಿ’. ಹನ್ನೆರಡೇ ಕಂತುಗಳ ಈ ಸರಣಿ ‘ಬ್ಲಡ್ ಪ್ಲಸ್’ಗಿಂತ ನಿಧಾನ ಎನಿಸುತ್ತದೆ. ಹಗಲು ಶಾಲೆ, ಕಾಫಿ ಅಂಗಡಿ, ಇಲ್ಲಿನ ಸಾಯಾಳ ಹಾಡು. ರಾತ್ರಿ ರಾಕ್ಷಸನೊಬ್ಬನ ಜೊತೆ ಕಾಳಗ. ಮರುದಿನ ಮತ್ತೆ ಅದೇ. ಕೊನೆಗೆ ಆ ಊರು, ಗೆಳತಿಯರು, ಅಪ್ಪ ಎಲ್ಲವೂ ಅವಳ ಮೇಲೆ ನಡೆಸಿದ ಪ್ರಯೋಗಕ್ಕಾಗಿ ಕಟ್ಟಿದ ನಾಟಕ ಎಂದು ತಿಳಿಯುತ್ತದೆ. ಹಿಂದಿನ ದಿನಚರಿ ಸಪ್ಪೆಯಾಗಿದ್ದದ್ದು ಉದ್ದೇಶಪೂರ್ವಕ. ಉಪಾಯ ಜಾಣತನದ್ದೇ. ಆದರೆ ಸುಳ್ಳು ಮನೆ ಕುಸಿದಾಗ ಬೆರಗಾಗುತ್ತದೆ, ದುಃಖವಾಗುವುದಿಲ್ಲ. ಮಿಯಾಗುಸುಕು ಮನೆ ನಿಜವಾಗಿತ್ತು. ಅದಕ್ಕೇ ಅದರ ಕುಸಿತ ಇವತ್ತಿಗೂ ಕಾಡುತ್ತದೆ.

ಹೇಗೆ ನೋಡಬೇಕು

ಈಗಿನ ಅನಿಮೆಗಳು ಹೆಚ್ಚಾಗಿ ಹನ್ನೆರಡು–ಹದಿಮೂರು ಕಂತುಗಳ ಭಾಗಗಳಲ್ಲಿ ಬರುತ್ತವೆ. ಮುಂದಿನ ಕಂತು ತಾನಾಗಿಯೇ ಶುರುವಾಗುವ ಈ ದಿನಗಳಲ್ಲಿ ಒಂದೇ ರಾತ್ರಿ ಇಡೀ ಸರಣಿ ಮುಗಿಸುವವರಿದ್ದಾರೆ. ವಾರಕ್ಕೊಂದರಂತೆ ಒಂದು ವರ್ಷ ನೋಡಲೆಂದು ಕಟ್ಟಿದ ಸರಣಿಯನ್ನು ಹಾಗೆ ನುಂಗಿದರೆ ಅದರ ಮರುಕಳಿಕೆಗಳು ಎದ್ದು ಕಾಣುತ್ತವೆ, ಬಿಡುವುಗಳು ಭಾರವಾಗುತ್ತವೆ. ದಿನಕ್ಕೊಂದು ಅಥವಾ ಎರಡು ಕಂತು ನೋಡುವುದು ಒಳ್ಳೆಯದು. ಒಕಿನಾವಾದ ಭಾಗವನ್ನು ಓಡಿಸಿಕೊಂಡು ಕಾಳಗಕ್ಕೆ ಹೋಗಬೇಡಿ. ಅದನ್ನು ಬಿಟ್ಟರೆ ಮುಂದಿನ ಯಾವ ಸಾವೂ ನಿಮ್ಮನ್ನು ಮುಟ್ಟುವುದಿಲ್ಲ. ರಷ್ಯಾ ಮತ್ತು ಫ್ರಾನ್ಸಿನ ಭಾಗಗಳಲ್ಲಿ ಬೇಸರವಾದರೆ ಅದು ನಿಮ್ಮ ತಪ್ಪಲ್ಲ, ಆದರೂ ಬಿಡಬೇಡಿ. ಚಿಕ್ಕ ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ ಎಂಬುದನ್ನೂ ಹೇಳಬೇಕು. ರಕ್ತಪಾತವಷ್ಟೇ ಅಲ್ಲ, ರಿಕುವಿನ ಮೇಲೆ ನಡೆಯುವ ದೌರ್ಜನ್ಯವೂ ಮನಸ್ಸು ಕದಡುವಂಥದ್ದು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಅಕ್ಕತಂಗಿಯರ ಕೊನೆಯ ಕಾದಾಟ ನಡೆಯುತ್ತದೆ. ದಿವಾಳನ್ನು ಕೊಂದು ತಾನೂ ಸಾಯುವುದು ಸಾಯಾಳ ನಿರ್ಧಾರವಾಗಿತ್ತು. ಅವಳನ್ನು ಬದುಕಿನ ಕಡೆಗೆ ತಿರುಗಿಸುವವನು ಕಾಯ್. ಕತ್ತಿಯ ವಿದ್ಯೆ ಗೊತ್ತಿಲ್ಲದ, ವಿಶೇಷ ರಕ್ತವೂ ಇಲ್ಲದ ಸಾಮಾನ್ಯ ಹುಡುಗ. ಮೊದಲ ಕಂತಿನಲ್ಲಿ ಬೀದಿಯಲ್ಲಿ ಹೊಡೆದಾಡಿಕೊಂಡಿದ್ದವನು ಕೊನೆಗೆ ದಿವಾಳ ಹೆಣ್ಣುಮಕ್ಕಳನ್ನು ಸಾಕುವ ತಂದೆಯಾಗುತ್ತಾನೆ, ಜಾರ್ಜ್‌ನ ಹೋಟೆಲನ್ನು ನಡೆಸುತ್ತಾನೆ. ಸಾಯಾ ಮತ್ತೆ ಮೂವತ್ತು ವರ್ಷದ ನಿದ್ದೆಗೆ ಜಾರುವಾಗ ಅವಳು ಎದ್ದ ದಿನ ಮರಳಿ ಹೋಗಲು ಒಂದು ಮನೆ ಇದೆ. ಐವತ್ತು ಕಂತುಗಳ ಅವಧಿಯಲ್ಲಿ ಈ ಹುಡುಗ ಹದವಾಗಿ ಬೆಳೆದದ್ದು ಎಷ್ಟು ಸಹಜವೆಂದರೆ, ಯಾವ ಕಂತಿನಲ್ಲಿ ಅವನು ದೊಡ್ಡವನಾದ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ವೇಗದ ಕಥೆಗಳಲ್ಲಿ ಪಾತ್ರಗಳು ಒಂದು ಘಟನೆಯಿಂದ ಬದಲಾಗುತ್ತವೆ. ಕಾಯ್ ಬದಲಾದದ್ದು ದಿನಗಳಿಂದ.

ಕಾಳಗದ ಸರಣಿಯನ್ನು ಅಳೆಯಲು ಕಾಳಗಗಳನ್ನಷ್ಟೇ ಎಣಿಸುವ ರೂಢಿಯನ್ನು ನಾವು ಬಿಡಬೇಕು. ‘ಬ್ಲಡ್ ಪ್ಲಸ್’ನ ಕತ್ತಿವರಸೆಯನ್ನು ಮೀರಿಸಿದ ಅನಿಮೆಗಳು ಆಮೇಲೆ ಎಷ್ಟೋ ಬಂದಿವೆ, ಇನ್ನೂ ಬರುತ್ತವೆ. ಸತ್ತವರು ಯಾರೆಂದು ನೋಡುಗನಿಗೆ ಚೆನ್ನಾಗಿ ಗೊತ್ತಿರಬೇಕು, ಬದುಕಿ ಉಳಿದವರು ಏಕೆ ಬದುಕಬೇಕೆಂಬುದೂ ಗೊತ್ತಿರಬೇಕು ಎಂದು ಹಟ ಹಿಡಿದು, ಅದಕ್ಕೆ ಬೇಕಾದಷ್ಟು ಹೊತ್ತು ಕೊಟ್ಟ ಸರಣಿಗಳು ಕಡಿಮೆ. ಆ ಹಟಕ್ಕಾಗಿ ಅದರ ಸಡಿಲ ಕಂತುಗಳನ್ನು ನಾನು ಸಂತೋಷದಿಂದ ಸಹಿಸುತ್ತೇನೆ.